ಭಾನುವಾರದ ಶಿಕ್ಷೆ

೧೯೯೮ರ ಬೇಸಿಗೆ. ನಮ್ಮವರು ಆಗ ಬಾಳೂರಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದರು. ಮನುಷ್ಯ ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಒಂದು ದಿನ ತಿರುವಿನಲ್ಲಿ ಸೈಡ್ ಕೊಡಲಿಲ್ಲವೆಂದು ಬಸ್ ಡ್ರೈವರ್ ಮಂಜಣ್ಣನವರ ಜತೆ ಜಗಳವಾಗಿ, ಕೆನ್ನೆಗೆ ಬಾರಿಸಿಯೇಬಿಟ್ಟರು. ಅವರ ಹಲ್ಲೊಂದು ಉದುರಿತು. ಪೊಲೀಸ್ ಕೇಸಾಯಿತು.

ಮೂಡಿಗೆರೆ ಕೋರ್ಟಿನಲ್ಲಿ ತೀರ್ಪಿನ ದಿನ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ಇವರು ಜೈಲಿಗೆ ಹೋದರೆ ನಮಗೆ ಗತಿಯೇನು? ಇವರು ತಪ್ಪೊಪ್ಪಿಕೊಂಡರು. ಹಿಂದೆ ಯಾವ ಕೇಸೂ ಇರಲಿಲ್ಲ. ನ್ಯಾಯಾಧೀಶರು ಮಂಜಣ್ಣನವರತ್ತ ತಿರುಗಿ, "ನೀವೇನು ಹೇಳ್ತೀರಿ?" ಎಂದರು.

"ಜೈಲಿಗೆ ಹಾಕಿದ್ರೆ ಏನ್ ಬಂತು ಸ್ವಾಮಿ? ಆ ಕೈಗೆ ಏನಾದ್ರೂ ಕೆಲ್ಸ ಕೊಡಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು.

ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಂಡು, ಮಳೆ ಹಿಡಿಯುವವರೆಗೆ ಪ್ರತಿ ಭಾನುವಾರ ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು ಆದೇಶವಾಯಿತು. ನಾನು ಸಂತೋಷಕ್ಕೆ ಅತ್ತೇಬಿಟ್ಟೆ. ಇವರು ಮಾತ್ರ, "ಊರವ್ರ ಎದುರು ಕಸ ಗುಡಿಸೋದಕ್ಕಿಂತ ಜೈಲೇ ವಾಸಿ ಕಣೇ" ಎಂದು ಮುಖ ಊದಿಸಿಕೊಂಡರು.

ಮೊದಲ ಭಾನುವಾರ ಮನಸ್ಸು ತಡೆಯದೆ ನಾನೂ ಹೋದೆ. ಇವರು ಆಸ್ಪತ್ರೆಯ ಗೇಟಿನ ಬಳಿ ಗುಡಿಸುತ್ತಿದ್ದಾಗ ಮಂಜಣ್ಣನವರ ಬಸ್ ಬಂತು. ಎದುರಿಗೇ ನಿಧಾನ ಮಾಡಿ, ಪೋಂ ಪೋಂ ಎಂದು ಹಾರ್ನ್! ಜನರೆಲ್ಲ ಕಿಟಕಿಯಲ್ಲಿ ಇಣುಕಿದರು. ಇವರೆಲ್ಲಿ ಪೊರಕೆ ಎಸೆದು ಬಸ್ಸಿನತ್ತ ಓಡುತ್ತಾರೋ ಎಂದು ನನಗೆ ಜೀವ ಬಾಯಿಗೆ ಬಂತು. ಪುಣ್ಯಕ್ಕೆ, ಬೆನ್ನು ಹಾಕಿ ನಿಂತರು.

ಹಾರ್ನ್ ಯಾವ ವಾರವೂ ತಪ್ಪಲಿಲ್ಲ. ಇವರಿಗೆ ಬರಬರುತ್ತಾ ವಾರ್ಡಿನ ಕೆಲಸವೂ ಸಿಕ್ಕಿತು. ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿಯೊಬ್ಬರು, "ಆ ಜೀಪಿನ ಹುಡ್ಗ ಬರ್ಲಿ, ಅವ್ನು ಎತ್ತಿ ಕೂರ್ಸಿದ್ರೆ ನೋವಾಗಲ್ಲ" ಎಂದು ಹಟ ಹಿಡಿಯುತ್ತಿದ್ದರಂತೆ. ಅದನ್ನು ಹೇಳುವಾಗ ಇವರ ಮುಖ ನೋಡಬೇಕಿತ್ತು! ಆಮೇಲಾಮೇಲೆ ಹಾರ್ನ್ ಕೇಳಿದರೆ ಇವರೂ ಪೊರಕೆ ಎತ್ತಿ ಸೆಲ್ಯೂಟ್ ಹೊಡೆಯತೊಡಗಿದರು.

ಕೊನೆಯ ಭಾನುವಾರ ಬುತ್ತಿ ಕೊಡಲು ಹೋಗಿದ್ದೆ. ಮಂಜಣ್ಣನವರು ಬಸ್ ನಿಲ್ಲಿಸಿ ಇಳಿದೇ ಬಂದರು.

"ಮುಗೀತಂತಲ್ಲ? ಇನ್ಮೇಲೆ ನಾನು ಯಾರಿಗೆ ಹಾರ್ನ್ ಹೊಡೀಲಿ ಮಾರಾಯ?"

ಇವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ, "ನಂದು ತಪ್ಪಾಯ್ತು ಮಂಜಣ್ಣ" ಎಂದು ಅವರ ಕೈ ಹಿಡಿದುಕೊಂಡರು. ಕೋರ್ಟಿನಲ್ಲಿ ವಕೀಲರು ಹೇಳಿಕೊಟ್ಟಂತೆ ಹೇಳಿದ್ದ ಮಾತು ಅಂದು ಒಳಗಿನಿಂದ ಬಂದಿತ್ತು. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ, ಇಬ್ಬರಿಗೂ ಕೇಳಿಸಲಿಲ್ಲ.

ಇವರ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಈಗಲೂ ಸ್ವರ ಏರುತ್ತದೆ, ಕೈ ಏರುವುದಿಲ್ಲ. ಜೈಲಿಗೆ ಹೋಗಿದ್ದರೆ ಎಂಥ ಮನುಷ್ಯರಾಗಿ ಹೊರಗೆ ಬರುತ್ತಿದ್ದರೋ! ಏಟು ತಿಂದವರೇ ಮುಂದೆ ನಿಂತು ನನ್ನ ಸಂಸಾರ ಉಳಿಸಿಕೊಟ್ಟರಲ್ಲ ಎಂದು ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.