ದೂರಿನ ಪೆಟ್ಟಿಗೆಯ ಎತ್ತರ

ಆಂಟಾಪ್ ಹಿಲ್‌ನ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ನಾನು ಅಡುಗೆಯವಳು, ಎಲ್ಲರ ಬಾಯಲ್ಲೂ ‘ಮೌಶಿ’, ಅಂದರೆ ಚಿಕ್ಕಮ್ಮ. ಒಂದು ದಿನ ತಪಾಸಣೆಗೆ ಸರ್ಕಾರದ ಮೇಡಂ ಬಂದರು. ಆಶ್ರಮ ನಡೆಸುವ ಇಲಾಖೆಯವರಲ್ಲವಂತೆ, ಆ ಇಲಾಖೆಯ ಮೇಲೇ ಕಣ್ಣಿಡುವವರಂತೆ.

ಗೋಡೆಯ ಮೇಲಿನ ದೂರಿನ ಪೆಟ್ಟಿಗೆಯ ಬೀಗ ತೆಗೆಸಿದರು. ಒಳಗೆ ಒಂದು ಚೀಟಿಯೂ ಇಲ್ಲ.

“ನೋಡಿ ಮೇಡಂ, ನಮ್ಮ ಮಕ್ಕಳಿಗೆ ಯಾವ ದೂರೂ ಇಲ್ಲ,” ಎಂದರು ನಮ್ಮ ಆಶ್ರಮದ ಸಾಹೇಬರು. ಮೇಡಂ ಅದನ್ನೇ ಬರೆದುಕೊಂಡರು.

ಆರು ವರ್ಷದ ಪಿಂಕಿ ನನ್ನ ಸೆರಗು ಹಿಡಿದು ನಿಂತಿದ್ದಳು. ಅವಳ ಅಣ್ಣನನ್ನು ಅಂಧೇರಿಯ ಗಂಡುಮಕ್ಕಳ ಆಶ್ರಮಕ್ಕೆ ಹಾಕಿದ್ದರು. ಅವನನ್ನು ನೋಡಬೇಕೆಂದು ದೊಡ್ಡ ಹುಡುಗಿಯೊಬ್ಬಳ ಕೈಲಿ ಬರೆಸಿಕೊಂಡ ಚೀಟಿ ವಾರದಿಂದ ಅವಳ ಮುಷ್ಟಿಯಲ್ಲೇ ಇತ್ತು.

“ಬೀಗ ಹಾಕಬೇಡಿ ಮೇಡಂ,” ಅಂದವಳೇ ನಾನು ಪಿಂಕಿಯನ್ನು ಎತ್ತಿ ಹಿಡಿದೆ. ಆಗ ಪೆಟ್ಟಿಗೆ ಅವಳ ಕೈಗೆಟುಕಿತು, ಚೀಟಿ ಒಳಗೆ ಬಿತ್ತು.

“ಮೌಶಿ, ಒಲೆ ಮೇಲೆ ಏನೂ ಇಟ್ಟಿಲ್ಲವೇ?” ಎಂದರು ಸಾಹೇಬರು.

“ಅನ್ನ ಆಗಿದೆ ಸಾಹೇಬರೇ. ಇವಳು ಅಷ್ಟೆತ್ತರ ಬೆಳೆಯೋದಕ್ಕೇ ಇನ್ನೂ ಹೊತ್ತಿದೆ.”

ಮೇಡಂ ಚೀಟಿ ಓದಿ, ತಾವು ಬರೆದದ್ದನ್ನು ಹೊಡೆದುಹಾಕಿದರು. ಮುಂದಿನ ಭಾನುವಾರ ಪಿಂಕಿಯ ಅಣ್ಣ ಬಂದ. ಪೆಟ್ಟಿಗೆಯೂ ಮಕ್ಕಳ ಎದೆಮಟ್ಟಕ್ಕೆ ಇಳಿಯಿತು. ಬೀಗದ ಕೈ ಮಾತ್ರ ಈಗಲೂ ಸಾಹೇಬರ ಜೇಬಿನಲ್ಲೇ ಇದೆ. ತೆಗೆಯಬೇಕಾದರೆ ಪಾಪ, ಈಗ ಅವರೇ ಬಗ್ಗಬೇಕು.