ಜ್ವರದ ಭೀಮಸಿ ಮತ್ತು ರಗತದ ಪಿಕ್ಚರ

ಹಾರೂಗೇರಿ ಸುತ್ತಲಿನ ಹಳ್ಳಿಗಳಲ್ಲಿ ಭೀಮಸಿಯನ್ನು ಎಲ್ಲರೂ 'ಜ್ವರದ ಭೀಮಸಿ' ಅಂತಲೇ ಕರೆಯುತ್ತಿದ್ದರು. ಕುರಿ ಕಾಯುವ ಮನೆತನದಲ್ಲಿ ಮೆಟ್ರಿಕ್ ಪಾಸಾದವನು ಅವನೊಬ್ಬನೇ. ಮಲೇರಿಯಾ ಖಾತೆಯಲ್ಲಿ ನೌಕರಿ. ಹದಿನೈದು ದಿನಕ್ಕೊಮ್ಮೆ ಖಾಕಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ಸೈಕಲ್ ಮೇಲೆ ಬರುತ್ತಿದ್ದ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಹನಿ ರಕ್ತ ಸವರಿಕೊಂಡು, ನಾಲ್ಕು ಕಹಿ ಗುಳಿಗೆ ಕೊಡುತ್ತಿದ್ದ. ಹೋಗುವಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕುತ್ತಿದ್ದ. ಹೀಗೆ ಹದಿನಾಲ್ಕು ವರ್ಷ ನಡೆದಿತ್ತು.

ಅವನದು ಸಂಶಯದ ಸ್ವಭಾವ. "ಯಾರಿಗೂ ಜ್ವರ ಇಲ್ರಿ" ಅಂದರೆ ನಂಬದೆ ಒಳಗೆ ಇಣುಕಿ, ಹಗಲಿನಲ್ಲಿ ಕಂಬಳಿ ಹೊದ್ದವರು ಯಾರು ಅಂತ ನೋಡುತ್ತಿದ್ದ. "ಮುಂಜಾನೆದ್ದು ನನ್ನ ಹಣೀನೂ ಮುಟ್ಟಿ ನೋಡ್ತಾರ. ಪ್ರೀತಿಗಲ್ಲ ಮತ್ತ!" ಅಂತ ಹೆಂಡತಿ ಸುಂದರಾ ನಗುತ್ತಿದ್ದಳು.

ಎಂಬತ್ತೆಂಟನೇ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ, ಹಾರೂಗೇರಿಯ ತಂಬುವಿನ ಟಾಕೀಸಿಗೆ ಪರದೇಶದ ಪಿಕ್ಚರೊಂದು ಬಂತು. ಮಾತು ಹಿಂದಿಗೆ ತಿರುಗಿಸಿದ್ದು. ಹೆಸರು ಯಾರಿಗೂ ನೆನಪುಳಿಯಲಿಲ್ಲ, 'ರಗತದ ಪಿಕ್ಚರ' ಅಂದರೆ ಸಾಕಿತ್ತು. ಇನ್ನೂ ಬರದ ಒಂದು ಕಾಲದ ಕಥೆ ಅದು. ರಕ್ತ ಕುಡಿದು ಬದುಕುವವರೇ ಅಲ್ಲಿ ಸರಕಾರ ನಡೆಸುತ್ತಾರೆ. ಕೋರೆಹಲ್ಲು ತೋರಿಸಿ ಹೆದರಿಸುವುದಿಲ್ಲ. ಅವರ ನೌಕರರು ಇಸ್ತ್ರಿ ಅಂಗಿ ಹಾಕಿಕೊಂಡು, ಚೀಲ ಹಿಡಿದು, ನಗುನಗುತ್ತ ಮನೆಮನೆಗೆ ಬಂದು ಒಂದೊಂದು ಬಾಟ್ಲಿ ರಕ್ತ ಒಯ್ಯುತ್ತಾರೆ. ಒಯ್ದ ಮನೆಯ ಬಾಗಿಲಿಗೆ ನಂಬರು ಬರೆಯುತ್ತಾರೆ.

ಹಾಡಿಲ್ಲ, ಹೊಡೆದಾಟವಿಲ್ಲ ಅಂತ ತರುಣರು ಬೈದರು. ಕಿರಾಣಿ ಅಂಗಡಿಯ ಪಾರಿಸ ಜೈನರವನು. "ಇಂಥಾದು ನೋಡಿದ್ರ ಊಟ ಸೇರೂದಿಲ್ಲ" ಅಂತ ಅರ್ಧಕ್ಕೇ ಎದ್ದು ಬಂದ. ಆದರೆ ಹಳ್ಳಿಗಳಿಗೆಲ್ಲ ಹಬ್ಬಿದ್ದು ಕೆಂಪವ್ವನ ತೀರ್ಪು. ಆಕೆ ಎಮ್ಮೆ ಕಟ್ಟಿ ಹಾಲು ಮಾರುವ ವಿಧವೆ, ಮಾತಿನಲ್ಲಿ ಖಡಕ್ಕು.

"ಅದು ಸುಳ್ಳ ಪಿಕ್ಚರ ಅಲ್ಲ," ಅಂದಳು. "ಯಾರೋ ತಿಳಿದಾವ್ರ ತಗದಾರ. ನಮ್ಮ ಗ್ವಾಡಿಗೂ ಬರದ ಹೋಗ್ತಾರಲ್ಲ, ಅದೇನದು?"

ಮುಂದಿನ ಸಲ ಭೀಮಸಿ ಹೋದಾಗ ಅವನು ಬರೆದ ತಾರೀಖುಗಳ ಮೇಲೆ ಸಗಣಿ ಸಾರಿಸಿದ್ದರು. ಸೈಕಲ್ ಸದ್ದಿಗೇ ಬಾಗಿಲು ಮುಚ್ಚಿದವು. ಕೆಂಪವ್ವ ಮಾತ್ರ ಹೊಸ್ತಿಲ ಮೇಲೆ ನಿಂತು ಕೇಳಿದಳು: "ಹದಿನಾಕ ವರ್ಷ ಒಯ್ದಿ. ಎಲ್ಲಿಗ ಒಯ್ದಿ?"

"ತಪಾಸಣಿಗಿ, ಯವ್ವಾ. ದೊಡ್ಡ ಆಫೀಸಿಗಿ."

"ಅಲ್ಲಿ ಯಾರ ನೋಡ್ತಾರ? ನೀ ಕಂಡೀ?"

ಭೀಮಸಿ ಸಿಟ್ಟಿನಿಂದ ಸೈಕಲ್ ತಿರುಗಿಸಿಕೊಂಡು ಹೋದ.

ಆ ಭಾನುವಾರ ಮಧ್ಯಾಹ್ನದ ಆಟಕ್ಕೆ ತಾನೇ ಹೋಗಿ ಕುಳಿತ. ಪರದೆಯ ಮೇಲೆ ಚೀಲದವನು ಬಂದಾಗಲೆಲ್ಲ ಅಕ್ಕಪಕ್ಕದವರು ತಿರುಗಿ ಇವನನ್ನೇ ನೋಡುತ್ತಿದ್ದರು. ಒಂದು ಕಡೆ ಮುದುಕಿಯೊಬ್ಬಳು ಚೀಲದವನಿಗೆ, ಇದನ್ನು ಯಾರಿಗೆ ಕೊಡುತ್ತೀ ಅಂತ ಕೇಳುತ್ತಾಳೆ. ಅವನು, ನನಗೆ ಗೊತ್ತಿಲ್ಲ, ಒಯ್ಯುವುದಷ್ಟೇ ನನ್ನ ಕೆಲಸ ಅನ್ನುತ್ತಾನೆ. ಭೀಮಸಿಗೆ ತನ್ನ ಆಫೀಸು ನೆನಪಾಯಿತು. ಮೊದಲೆಲ್ಲ ಯಾರಿಗೆ ಮಲೇರಿಯಾ ಇದೆ ಅಂತ ಬರೆದ ತಪಾಸಣೆಯ ಚೀಟಿ ಅಲ್ಲಿಂದ ತಿರುಗಿ ಬರುತ್ತಿತ್ತು. ಎರಡು ವರ್ಷದಿಂದ ಒಂದೂ ಬಂದಿರಲಿಲ್ಲ. ರೋಗ ಕಡಿಮೆಯಾಯಿತೆಂದು ತಾನೇ ತಿಳಿದುಕೊಂಡಿದ್ದ.

ಮರುದಿನ ರಜೆ ಹಾಕಿ ಬಸ್ಸು ಹತ್ತಿ ಆಫೀಸಿಗೆ ಹೋದ. ಗುಮಾಸ್ತ ನಾಮದೇವ ತಲೆ ಎತ್ತದೆ, "ಒಳಗ ಕೆಲಸ ನಡದೈತಿ. ನೀ ಹೋಗು," ಅಂದ.

"ನಡದಿದ್ರ ನೋಡೇ ಹೋಗ್ತೀನ್ರಿ."

ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯುದ್ದಕ್ಕೂ ಕಟ್ಟಿಗೆ ಪೆಟ್ಟಿಗೆಗಳಿದ್ದವು. ಒಂದನ್ನು ತೆರೆದ. ತಾನು ಕಟ್ಟಿ ಕಳಿಸಿದ ದಾರ ಹಾಗೇ ಇತ್ತು. ಗಾಜಿನ ಪಟ್ಟಿಗಳ ಮೇಲಿನ ರಕ್ತವನ್ನು ಅಲ್ಲಲ್ಲಿ ಜಿರಳೆ ತಿಂದಿದ್ದವು.

"ನೋಡಾವ್ರು ವರ್ಗ ಆಗಿ ಹೋಗ್ಯಾರ. ಹೊಸಬ್ರು ಬಂದಿಲ್ಲ," ಅಂದ ನಾಮದೇವ, ಈಗ ಮೆಲ್ಲಗೆ. "ನಿನಗ್ಯಾಕ ಬೇಕ ಇದು? ಪಗಾರ ಬರ್ತೈತಿಲ್ಲ?"

ಊರಿಗೆ ಬಂದವನೇ ನೇರವಾಗಿ ಕೆಂಪವ್ವನ ಮನೆಗೆ ಹೋದ. "ನಿಮ್ಮ ರಗತ ಯಾರೂ ಕುಡದಿಲ್ಲ, ಯವ್ವಾ. ಯಾರೂ ನೋಡೂ ಇಲ್ಲ," ಅಂದ.

ಕೆಂಪವ್ವ ಹೊಸ್ತಿಲಿಗೆ ಬಂದಳು. "ಕುಡದಿದ್ರರ ಚೊಲೋ ಇತ್ತಲ್ಲೋ. ಯಾರದರ ಹೊಟ್ಟಿಗೆ ಹೋಗಿರ್ತಿತ್ತು." ಆಮೇಲೆ ದನಿ ತಗ್ಗಿಸಿ, "ಒಳಗ ಬಾ," ಅಂದಳು.

ಸೊಸೆ ಲಕ್ಕವ್ವ ಎರಡು ಕಂಬಳಿಯೊಳಗೆ ನಡುಗುತ್ತ ಮಲಗಿದ್ದಳು. ದಿನ ಬಿಟ್ಟು ದಿನ ಚಳಿಜ್ವರ, ಎಂಟು ದಿನವಾಗಿತ್ತು. ಪಿಕ್ಚರಿನ ಮಾತು ಹಬ್ಬಿದ ಮೇಲೆ ಭೀಮಸಿಯ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದ್ದರು.

"ರಗತ ತಗೋ," ಅಂದಳು ಕೆಂಪವ್ವ. "ಆದ್ರ ನಾನೂ ಬರ್ತೀನಿ. ಯಾರ ನೋಡ್ತಾರೋ ನನ್ನ ಕಣ್ಣ ಮುಂದ ನೋಡ್ಬೇಕು."

ಭೀಮಸಿ ಚೀಲ ತಂದು ಲಕ್ಕವ್ವನ ರಕ್ತ ತೆಗೆದುಕೊಂಡ. ಅವತ್ತೇ ಅವನೂ ಕೆಂಪವ್ವನೂ ಅಥಣಿಗೆ ಹೋದರು. ಗಾಜಿನ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೆಂಪವ್ವನೇ ಉಡಿಯಲ್ಲಿ ಇಟ್ಟುಕೊಂಡಿದ್ದಳು. ಅಲ್ಲಿ ದವಾಖಾನೆ ನಡೆಸುತ್ತಿದ್ದ ಮುದಿ ಡಾಕ್ಟರರು ಬಣ್ಣ ಹಾಕಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಮಲೇರಿಯಾವೇ ಅಂದರು. ಕೆಂಪವ್ವ ನಂಬಲಿಲ್ಲ. ಡಾಕ್ಟರರು ಎದ್ದು ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಆಕೆ ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡಿದಳು.

"ಉಂಗುರದಂಗ ಏನೋ ಐತ್ರಿ."

"ಅದೇ ರೋಗದ ಹುಳ, ಅವ್ವಾ."

ಐದು ದಿನದ ಗುಳಿಗೆ ತಂದರು. ಒಂದೊಂದನ್ನೂ ಕೆಂಪವ್ವ ಎದುರಿಗೆ ನಿಂತು ನುಂಗಿಸಿದಳು. ಲಕ್ಕವ್ವ ಎದ್ದು ಕುಳಿತಳು, ವಾರದಲ್ಲಿ ಹಾಲು ಕರೆಯಲೂ ಹೋದಳು.

ಭೀಮಸಿ ಪೆಟ್ಟಿಗೆಗಳ ಸುದ್ದಿಯನ್ನೂ ಅಥಣಿಯಲ್ಲಿ ತೋರಿಸಿದ್ದನ್ನೂ ಮೇಲಿನವರಿಗೆ ಬರೆದ. ಮೊದಲು ಬಂದದ್ದು, ಸರಕಾರಿ ರಕ್ತಪಟ್ಟಿಯನ್ನು ಖಾಸಗಿಯವರಿಗೆ ಯಾಕೆ ತೋರಿಸಿದೆ ಅಂತ ಅವನಿಗೇ ನೋಟೀಸು. ಉತ್ತರ ಕಳಿಸಿದ. ಅದರ ಕೆಳಗೆ ಕೆಂಪವ್ವನೂ ಹೆಬ್ಬೆಟ್ಟು ಒತ್ತಿದಳು. ನಾಲ್ಕು ತಿಂಗಳ ಮೇಲೆ ಆಫೀಸಿಗೆ ಹೊಸ ತಪಾಸಣೆಯವರು ಬಂದರು. ಅದು ತನ್ನ ಕಾಗದದಿಂದ ಆಯಿತೆಂದು ಭೀಮಸಿ ಕೊನೆಯವರೆಗೂ ನಂಬಲಿಲ್ಲ. ಯಾವನೋ ದೊಡ್ಡ ಸಾಹೇಬ ತನಿಖೆಗೆ ಬರುವವನಿದ್ದಿರಬೇಕು ಅನ್ನುತ್ತಿದ್ದ.

ಜನ ಮತ್ತೆ ಬೆರಳು ಚಾಚಿದರು, ಆದರೆ ಸುಮ್ಮನೆ ಅಲ್ಲ. "ಚೀಟಿ ಯಾವತ್ತ ತರ್ತೀರಿ?" ಅಂತ ಮೊದಲೇ ಕೇಳುತ್ತಿದ್ದರು. ಭೀಮಸಿ ಇಂಥ ದಿನ ಅಂತ ಹೇಳುತ್ತಿದ್ದ. ತೊಂಬತ್ತಾರರಲ್ಲಿ ನಿವೃತ್ತಿ ಆಗುವತನಕ, ಹೇಳಿದ ದಿನಕ್ಕೆ ಸೈಕಲ್ ತುಳಿದುಕೊಂಡು ಬಂದು, ಆ ಮನೆಯ ಬಾಗಿಲಲ್ಲೇ ನಿಂತು ಚೀಟಿ ಓದಿ ಹೇಳುತ್ತಿದ್ದ.