ಜಿಡ್ಡು ಮುಖಕ್ಕೂ ಒಂದು ಬೆರಳು ಕೆನೆ

ಆಗಿನ ಹೈದರಾಬಾದಿನ ಚಳಿಯ ಬಗ್ಗೆ ಹೇಳಿದರೆ ಈಗಿನವರು ನಗುತ್ತಾರೆ. ದೀಪಾವಳಿ ಮುಗಿಯಿತೆಂದರೆ ಒಣಗಾಳಿ ಬೀಸುತ್ತಿತ್ತು, ಕೊಬ್ಬರಿ ಎಣ್ಣೆ ಡಬ್ಬಿಯಲ್ಲೇ ಹೆಪ್ಪುಗಟ್ಟಿ ಬಿಳಿ ಕಲ್ಲಾಗುತ್ತಿತ್ತು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಕಲಬುರಗಿ ಕಡೆಯಿಂದ ಬಂದ ಅಪ್ಪ ಒಂದು ಕಾರ್ಖಾನೆಯಲ್ಲಿ ನೌಕರಿಗಿದ್ದ. ಅವ್ವ ಬೆಳಿಗ್ಗೆ ಎಣ್ಣೆ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ, ರೊಟ್ಟಿ ಬಡಿಯುವ ಮೊದಲು ನನ್ನ ಅಕ್ಕ ಶಾಂತಿಯನ್ನು ಹಿಡಿದು ಕೂರಿಸಿ ಕೆನ್ನೆ, ಮೊಣಕೈ, ಹಿಮ್ಮಡಿಗೆಲ್ಲ ತಿಕ್ಕುತ್ತಿದ್ದಳು. ಶಾಂತಿಯದು ಒಣಕಲು ಮೈ, ಉಗುರಿನಿಂದ ಎಳೆದರೆ ಬಿಳಿ ಗೆರೆ ಮೂಡುತ್ತಿತ್ತು. ನನ್ನ ಸರದಿ ಮಾತ್ರ ಬರುತ್ತಲೇ ಇರಲಿಲ್ಲ.

"ಅವ್ವಾ, ನನಗ?"

"ನಿನಗ್ಯಾಕ? ನಿನ್ನ ಮಾರಿ ಹಿಂಡಿದ್ರ ಇಡೀ ಗಲ್ಲಿಗೆ ದೀಪ ಹಚ್ಚಬಹುದು. ಹೋಗು, ಸಬಕಾರ ಹಚ್ಚಿ ತೊಳಕೋ."

ನನ್ನದು ಜಿಡ್ಡು ಮುಖ, ಸುಳ್ಳಲ್ಲ. ಮೂಗಿನ ಮೇಲೆ ಬೆರಳಿಟ್ಟರೆ ಜಾರುತ್ತಿತ್ತು. ಅದಕ್ಕೇ ನನಗೆ ಬಟ್ಟೆ ಒಗೆಯುವ ಸಬಕಾರ, ದಿನಕ್ಕೆ ಮೂರು ಹೊತ್ತು. ತೊಳೆದಷ್ಟೂ ಒಳ್ಳೆಯದು ಅಂತ ಅವ್ವ ನಂಬಿದ್ದಳು, ನಾನೂ ನಂಬಿದೆ.

ಆಗ ನಾನು ಮೂರನೆಯ ಇಯತ್ತೆ. ಕನ್ನಡ ಶಾಲೆ. ಪಾಠ ಓದಿಸಲು ನಮ್ಮ ಟೀಚರು, ಅಕ್ಕೋರು, ಮೊದಲು ನನ್ನನ್ನೇ ಎಬ್ಬಿಸುತ್ತಿದ್ದರು. ಬೇಸಿಗೆ ದಾಟಿದರೆ ನಾಲ್ಕನೆಯದು, ಅಲ್ಲಿ ತೆಲುಗು ಮತ್ತು ಇಂಗ್ಲಿಷ್ ಅಕ್ಷರ ಶುರು. ನನಗೆ ಬೇಕಾಗಿದ್ದುದು ಅದೊಂದೇ.

ಸಂಕ್ರಾಂತಿಗೆ ಇನ್ನೂ ಮೂರು ವಾರ ಇರುವಾಗ ನನ್ನ ಕೆನ್ನೆ ಬಿರಿಯಿತು. ಹಣೆಯ ಮೇಲೆ ಹೊಟ್ಟು ಎದ್ದಿತು. ಬಾಯಿಯ ಮೂಲೆಗಳು ಸೀಳಿ, ರೊಟ್ಟಿಯ ಜೊತೆ ಕೆಂಪು ಖಾರ ತಗುಲಿದರೆ ಕಣ್ಣಲ್ಲಿ ನೀರು. ಮೂಗು ಮಾತ್ರ ಹೊಳೆಯುತ್ತಲೇ ಇತ್ತು. ಆ ಹೊಳಪು ನೋಡಿ ಅವ್ವ ಇನ್ನೂ ಸಬಕಾರ ಹಚ್ಚಿಸಿದಳು.

ಒಂದು ದಿನ ಶಾಲೆಯ ಅಂಗಳದಲ್ಲಿ ಕುಂಟಾಟ ಆಡುತ್ತಾ ಕೆನ್ನೆ ಕೆರೆದುಕೊಂಡೆ. ನನ್ನ ಪಕ್ಕದಲ್ಲೇ ಕೂರುವ ಹುಡುಗಿ ನೋಡಿ ಕೂಗಿದಳು: "ಅಕ್ಕೋರ, ಇಕಿಗೆ ಕಜ್ಜಿ ಬಂದೈತ್ರಿ!"

ಅಕ್ಕೋರು ನನ್ನ ಗದ್ದವನ್ನು ಕೈಯಿಂದ ಮುಟ್ಟಲಿಲ್ಲ, ಅಡಿಪಟ್ಟಿಯಿಂದ ಎತ್ತಿದರು. "ಮನಿಗೆ ಹೋಗು. ಪೂರಾ ವಾಸಿ ಆದಮ್ಯಾಲ ಬಾ. ಉಳಿದವ್ರಿಗೆ ಹತ್ತತೈತಿ."

ಕಜ್ಜಿ ಅಂದ ಕೂಡಲೆ ಅವ್ವನಿಗೆ ಹುಚ್ಚು ಹಿಡಿಯಿತು. ಬೇವಿನ ಸೊಪ್ಪು ಕುದಿಸಿದ ನೀರು, ಮೇಲೆ ಅದೇ ಸಬಕಾರ, ತಿಕ್ಕಲು ತೆಂಗಿನ ನಾರು. ಎರಡು ವಾರ ನಾನು ಅರಚಿದೆ, ಅವಳು ತಿಕ್ಕಿದಳು. ಸಂಕ್ರಾಂತಿಯ ದಿನ ಎಳ್ಳು ಅರಿಷಿಣ ಅರೆದು ಶಾಂತಿಯ ಮೈಗೆಲ್ಲ ಹಚ್ಚಿ ಎರೆದಳು. ಮನೆ ತುಂಬ ಎಳ್ಳಿನ ವಾಸನೆ. ನನಗೆ ಅದೂ ಇಲ್ಲ. ಹೊಸ್ತಿಲಲ್ಲಿ ಕೂತು ನೋಡಿದೆ.

ಎಳ್ಳು ಬೆಲ್ಲ ತೆಗೆದುಕೊಳ್ಳಲು ಪಕ್ಕದ ಮನೆಯ ರಜಿಯಾ ಖಾಲಾ ಬಂದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅರೇ, ಯೇ ಖುಜಲಿ ನೈ ಹೈ ಮಾ. ಇದು ಕಜ್ಜಿ ಅಲ್ಲ. ಚರ್ಮ ಒಣಗೇತಿ."

"ಎಣ್ಣಿ ಸುರೀತೈತಲ್ಲ ಮಾರ್ಯಾಗ! ಒಣಗೂದು ಹ್ಯಾಂಗ?"

"ತೇಲ್ ಅಲಗ್, ಪಾನಿ ಅಲಗ್. ಎಣ್ಣಿ ಬ್ಯಾರೆ, ನೀರು ಬ್ಯಾರೆ. ಎಣ್ಣಿ ಮ್ಯಾಲ ಐತಿ, ಒಳಗಿನ ನೀರು ಹೋಗೇತಿ. ನಿನ್ನ ಸಾಬೂನು ಬಿಸಾಕು ಮೊದಲ."

ಖಾಲಾನೇ ಬರೀ ಉಗುರುಬೆಚ್ಚಗಿನ ನೀರಿನಲ್ಲಿ ನನ್ನ ಮುಖ ತೊಳೆದಳು. ಒರೆಸಲಿಲ್ಲ. ಒದ್ದೆ ಇರುವಾಗಲೇ ಒಂದು ಬೆರಳು ಹಾಲಿನ ಕೆನೆ, ತೆಳ್ಳಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಂಟು ದಿನಕ್ಕೆ ಹೊಟ್ಟೆಲ್ಲ ಉದುರಿ ಹೊಸ ಚರ್ಮ ಬಂತು. ಒಂದು ಬೆರಳು ಕೆನೆಯ ಕೆಲಸ! ಅದಕ್ಕೆ ಅಷ್ಟು ದಿನ ಒದ್ದಾಡಿದೆವು.

ಮುಖ ವಾಸಿಯಾಯಿತು, ಶಾಲೆ ವಾಸಿಯಾಗಲಿಲ್ಲ. ವಾಪಸ್ಸು ಹೋದರೆ ನಾನು ಕೂತಲ್ಲಿಂದ ಎಲ್ಲರೂ ಎದ್ದರು. ನನ್ನ ಹೆಸರು ಕಮಲಿ, ಅದು ಕಜ್ಜಿ ಕಮಲಿ ಆಯಿತು. "ಇನ್ನೂ ಸ್ವಲ್ಪ ದಿನ ಬಾಗಲದಾಗ ಕೂಡು" ಅಂದರು ಅಕ್ಕೋರು. ಎರಡು ದಿನ ಕೂತೆ. ಮೂರನೆಯ ದಿನ ಅರ್ಧಕ್ಕೇ ಎದ್ದು ಬಂದು ಚೀಲವನ್ನು ಮೊಳೆಗೆ ನೇತುಹಾಕಿದೆ.

"ಯಾಕ?" ಅಂದಳು ಅವ್ವ.

"ನಾ ಹೋಗಂಗಿಲ್ಲ."

"ಇರಲಿ ಬಿಡು. ರೊಟ್ಟಿ ಬಡಿಯೂದರ ಕಲೀತಿ."

ಮರುದಿನ ಜಡೆ ಹಾಕಿಕೊಂಡೇ ಕೂತಿದ್ದೆ. ಯಾರಾದರೂ ಕಿವಿ ಹಿಡಿದು ಎಳೆದೊಯ್ದಿದ್ದರೆ ಹೋಗುತ್ತಿದ್ದೆ. ಯಾರೂ ಎಳೆಯಲಿಲ್ಲ. ಅಪ್ಪನೂ ಬುತ್ತಿ ಹಿಡಿದು ಕಾರ್ಖಾನೆಗೆ ಹೋದ.

ಈಗ ಲಿಂಗಂಪಲ್ಲಿಯ ಮನೆಯಲ್ಲಿ ಮೊಮ್ಮಗಳು ದಿನಕ್ಕೆ ನಾಲ್ಕು ಸಲ ನೊರೆ ಹಚ್ಚಿ ಮುಖ ತೊಳೆಯುತ್ತಾಳೆ. ಕೆನ್ನೆಯೆಲ್ಲ ಕೆಂಪು, ಮೂಗಿನ ಪಕ್ಕ ಹೊಟ್ಟು. ಕ್ರೀಮ್ ಹಚ್ಚು ಅಂದರೆ, "ಅಜ್ಜೀ, ನಂದು ಆಯ್ಲಿ ಸ್ಕಿನ್. ನನಗ ಬ್ಯಾಡ" ಅನ್ನುತ್ತಾಳೆ.

"ನಿನ್ನ ತಲಿ! ಜಿಡ್ಡಿನವರಿಗೂ ಬೇಕು, ಒಣಕಲಿನವರಿಗೂ ಬೇಕು. ನಿನಗ ತೆಳ್ಳಂದು, ಅವರಿಗೆ ದಪ್ಪಂದು, ಅಷ್ಟ ಫರಕು."

"ಫೋನಿನಾಗ ಡಾಕ್ಟರೂ ನಿನ್ನಂಗ ಹೇಳಾಕತ್ತಾರ."

"ಹಂಗಾರ ಅವರ ಮಾತರ ಕೇಳು! ನನ್ನ ಜೀವ ಯಾಕ ತಿಂತಿ?"

ಕೇಳುವುದಿಲ್ಲ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಶಾಂತಿ ಹತ್ತನೆಯದು ಮುಗಿಸಿ ಕಚೇರಿ ಸೇರಿದಳು. ನನಗೆ ದಕ್ಕಿದ್ದು ಮೂರು ಇಯತ್ತೆಯ ಕನ್ನಡ. ಈ ಊರಿನಲ್ಲಿ ಕನ್ನಡದ ಹಲಗೆ ಹಾಕುವವರು ಯಾರಿದ್ದಾರೆ? ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದೆ, ಇವತ್ತಿಗೂ ಬಸ್ಸು ಬಂದು ನಿಂತರೆ ಯಾವ ಬಸ್ಸೆಂದು ಪಕ್ಕದವರನ್ನು ತೆಲುಗಿನಲ್ಲಿ ಕೇಳುತ್ತೇನೆ: "ಇದಿ ಏ ಬಸ್ಸು, ಬಾಬೂ?" ಅವರು ಕಿವಿಯಿಂದ ಫೋನು ತೆಗೆದು ಹೇಳುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ.